‘ಅಮ್ಮ’ ಹೋಗಿ ‘ದೇವಿ’ ಬಂದದ್ದು

ಹಳ್ಳಿಗಾಡಿನ ಹೆಂಗಸಿಗೆ ಒಂದೇ ಹೆಸರಿರಬೇಕೆಂಬ ಕಟ್ಟಳೆಯೇನೂ ಇಲ್ಲ. ತೊಟ್ಟಿಲಲ್ಲಿ ಇಟ್ಟ ಹೆಸರೊಂದು, ಹೆತ್ತವಳು ಮುದ್ದಿನಿಂದ ಕರೆದ ಹೆಸರೊಂದು. ಮದುವೆಯಾಗಿ ಬಂದ ಮನೆಯಲ್ಲಿ ಅತ್ತೆಗೂ ಅದೇ ಹೆಸರಿದ್ದರೆ ಸೊಸೆಗೆ ಮತ್ತೊಂದು. ಮಕ್ಕಳಾದ ಮೇಲಂತೂ ಮೂಲದ ಹೆಸರನ್ನು ಕೇಳುವವರೇ ಇಲ್ಲ. ‘ಇಂಥವನ ಅವ್ವ’ ಎಂದರೆ ಊರಿಗೆಲ್ಲ ಸಾಕು. ಇಷ್ಟು ಹೆಸರುಗಳ ನಡುವೆ ಸುಖವಾಗಿ ಬಾಳಿದವಳನ್ನು ಒಂದು ದಿನ ಗಾಜಿನ ಆಚೆ ಕುಳಿತ ತರುಣನೊಬ್ಬ ‘ನಿಮ್ಮ ಹೆಸರೇನಜ್ಜಿ?’ ಎಂದು ಕೇಳಿದರೆ, ಅದು ಎಷ್ಟು ಕಠಿಣವಾದ ಪ್ರಶ್ನೆಯೆಂಬುದು ಕೇಳಿದವನಿಗೂ ತಿಳಿದಿರುವುದಿಲ್ಲ.

ಹಾಸನ ಜಿಲ್ಲೆಯ ಹೊಳೆನರಸೀಪುರ ತಾಲ್ಲೂಕಿನಲ್ಲಿ, ಹೇಮಾವತಿಯ ನಾಲೆಯ ನೀರು ಕಾಣುವ ಒಂದು ಹಳ್ಳಿಯ ಮುದುಕಿಗೆ ಈ ಪ್ರಶ್ನೆ ಎದುರಾದದ್ದು ೨೦೧೯ರಲ್ಲಿ. ಆಕೆಯ ಗಂಡ ಸೈನ್ಯದಲ್ಲಿ ಹವಾಲ್ದಾರರಾಗಿದ್ದವರು. ೧೯೬೬ರಲ್ಲಿ ಸೇರಿ ೧೯೮೮ರಲ್ಲಿ ಬಿಡುಗಡೆಯಾಗಿ ಬಂದವರು. ಊರಿನಲ್ಲಿ ಮೂವತ್ತೊಂದು ವರ್ಷ ಬೇಸಾಯ ಮಾಡಿಕೊಂಡಿದ್ದು, ಒಂದು ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ತಿಥಿಯೆಲ್ಲ ಮುಗಿದ ಮೇಲೆ ಮಗ ತಾಯಿಯನ್ನು ಕರೆದುಕೊಂಡು ಬ್ಯಾಂಕಿಗೆ ಹೋದ. ಕುಟುಂಬ ಪಿಂಚಣಿಯೆಂಬುದು ವಿಧವೆಗೆ ತಾನಾಗಿ ಬರುವ ಹಣವೆಂದು ಅವರಿಬ್ಬರೂ ತಿಳಿದಿದ್ದರು.

ಆಕೆಯ ಹೆಸರನ್ನು ಇಲ್ಲಿ ಪೂರ್ತಿಯಾಗಿ ಬರೆಯುವ ಅಗತ್ಯವಿಲ್ಲ. ಸಂತೆಯಲ್ಲಿ ನಿಂತು ಕೂಗಿದರೆ ಹತ್ತು ಮಂದಿ ತಿರುಗಿ ನೋಡುವಂಥ ಹೆಸರು. ಅದರ ಕೊನೆಯಲ್ಲಿ ‘ಅಮ್ಮ’ ಎಂದಿದೆ. ಆ ಸೀಮೆಯ ಹೆಣ್ಣುಹೆಸರುಗಳಲ್ಲಿ ಮುಕ್ಕಾಲುಪಾಲಿಗೆ ಇರುವ ಹಾಗೆ. ಪಡಿತರ ಚೀಟಿಯಲ್ಲಿ ಅಮ್ಮ, ಮತದಾರರ ಪಟ್ಟಿಯಲ್ಲಿ ಅಮ್ಮ, ಆಧಾರಿನಲ್ಲಿಯೂ ಅಮ್ಮ. ಹವಾಲ್ದಾರರ ಪಿಂಚಣಿ ಆಜ್ಞಾಪತ್ರದಲ್ಲಿ, ಪಿ.ಪಿ.ಒ. ಎಂದು ಎಲ್ಲರೂ ಕರೆಯುವ ಆ ಹಳೆಯ ಕಾಗದದಲ್ಲಿ, ಹೆಂಡತಿಯ ಹೆಸರಿನ ಮೊದಲರ್ಧ ಸರಿಯಾಗಿತ್ತು. ಕೊನೆಗೆ ಮಾತ್ರ ‘ದೇವಿ’ ಎಂದಿತ್ತು.

“ಈ ದೇವಿ ಯಾರು?” ಎಂದು ತರುಣ ಕೇಳಿದ.

“ನಾನೇ ಕಣಪ್ಪ.”

“ನಿಮ್ಮ ಆಧಾರಿನಲ್ಲಿ ಬೇರೆ ಹೆಸರಿದೆಯಲ್ಲ ಅಜ್ಜಿ?”

“ಅದೂ ನಾನೇ.”

ತರುಣ ಒರಟನಲ್ಲ. ಮೆಲ್ಲನೆಯೇ ಹೇಳಿದ: “ನೀವು ನನ್ನ ಎದುರಿಗೆ ಇದ್ದೀರಿ. ಕಾಗದದಲ್ಲಿ ಇಲ್ಲ.”

ಸೈನ್ಯಕ್ಕೆ ಸೇರಿದ ಸಿಪಾಯಿ ಇಬ್ಬರಾಗುತ್ತಾನೆ ಎಂದರೆ ಅತಿಶಯೋಕ್ತಿಯಲ್ಲ. ಒಬ್ಬ ರೈಲು ಹತ್ತಿ ಪಠಾಣಕೋಟೆಗೋ ತೇಜಪುರಕ್ಕೋ ಹೋಗುತ್ತಾನೆ. ಇನ್ನೊಬ್ಬ ತನ್ನ ದಳದ ದಾಖಲೆ ಕಛೇರಿಯ ಕಪಾಟಿನಲ್ಲಿ ಕುಳಿತಿರುತ್ತಾನೆ. ಪ್ರತಿಯೊಂದು ರೆಜಿಮೆಂಟಿಗೂ ಕೋರಿಗೂ ಇಂಥ ಕಛೇರಿಯುಂಟು. ಸೇರಿದ ದಿನ ‘ಷೀಟ್ ರೋಲ್’ ಎಂಬ ಪತ್ರ ಹುಟ್ಟುತ್ತದೆ. ಅದರಲ್ಲಿ ಅವನ ಎತ್ತರ, ಎದೆಯ ಸುತ್ತಳತೆ, ಗುರುತಿನ ಮಚ್ಚೆ, ಊರು, ತಂದೆ. ಅದರದೇ ಒಂದು ಭಾಗ ‘ಕಿಂಡ್ರೆಡ್ ರೋಲ್’, ಅಂದರೆ ನಂಟರ ಪಟ್ಟಿ. ಮದುವೆಯಾದರೆ, ಮಗು ಹುಟ್ಟಿದರೆ, ಬಡ್ತಿ ಬಂದರೆ, ರಜೆಯಿಂದ ಮರಳಿದರೆ, ಆ ಸುದ್ದಿ ‘ಪಾರ್ಟ್ ಟು ಆರ್ಡರ್’ ಎಂಬ ಆಜ್ಞೆಯಲ್ಲಿ ಪ್ರಕಟವಾಗಬೇಕು; ಪ್ರಕಟವಾದದ್ದು ಷೀಟ್ ರೋಲಿಗೆ ಏರಬೇಕು. ಆಜ್ಞೆಯಲ್ಲಿ ಬರದ ಹೆಂಡತಿ ಸೈನ್ಯದ ಪಾಲಿಗೆ ಹೆಂಡತಿಯಲ್ಲ, ಮಗು ಮಗುವಲ್ಲ. ಇಪ್ಪತ್ತು ವರ್ಷಗಳಾದ ಮೇಲೆ ಮೊದಲನೆಯವನು ಮಂಡಿನೋವಿನೊಂದಿಗೆ ಊರಿಗೆ ಮರಳುತ್ತಾನೆ. ಎರಡನೆಯವನು ಕಪಾಟಿನಲ್ಲಿಯೇ ಉಳಿಯುತ್ತಾನೆ. ಮುಂದೆ ಸರಕಾರ ಹಣ ಕೊಡುವುದು ಅವನ ಮಾತನ್ನು ಕೇಳಿ.

ಈ ಎರಡನೆಯವನಿಗೆ ಕನ್ನಡ ಬರುವುದಿಲ್ಲ. ದಕ್ಷಿಣದ ಸಿಪಾಯಿಯ ಹೆಸರಿನ ಹಿಂದೆ ಇರುವ ಒಂದೆರಡು ಅಕ್ಷರಗಳು, ಊರಿನದೊಂದು ಅಪ್ಪನದೊಂದು, ಉತ್ತರದ ಗುಮಾಸ್ತನಿಗೆ ಒಗಟು. ಅವನ್ನು ಬಿಡಿಸಿ ಬರೆಯುವಾಗ ಊರು ಮನುಷ್ಯನಾಗುವುದೂ, ಅಪ್ಪ ಮಗನಾಗುವುದೂ ಉಂಟು. ಹುಟ್ಟಿದ ದಿನದ ಸಂಗತಿ ಕೇಳುವುದೇ ಬೇಡ. ಶಾಲೆಗೆ ಸೇರಿಸಿಕೊಂಡ ಮೇಷ್ಟರು ತಮಗೆ ಅನುಕೂಲವಾದ ತಾರೀಖು ಬರೆದುಕೊಂಡದ್ದೇ ಜನ್ಮದಿನ. ಇನ್ನು ಹೆಂಗಸರ ಹೆಸರು. ಬಿಹಾರದಲ್ಲಿ, ಗಢವಾಲಿನಲ್ಲಿ, ಹೆಸರಿನ ಕೊನೆಗೆ ದೇವಿ ಎನ್ನುವುದು ವಾಡಿಕೆ. ಸಾವಿರಾರು ದೇವಿಯರನ್ನು ಬರೆದು ಕೈ ಪಳಗಿದ ಗುಮಾಸ್ತನೊಬ್ಬ ಹೊಳೆನರಸೀಪುರದ ಅಮ್ಮನನ್ನೂ ದೇವಿಯಾಗಿಸಿದ. ಕೆಡುಕು ಮಾಡುವ ಮನಸ್ಸು ಅವನಿಗಿರಲಿಲ್ಲ. ಅಮ್ಮನಿಗಿಂತ ದೇವಿ ಒಂದು ಮೆಟ್ಟಿಲು ಮೇಲೆಂದೇ ತಿಳಿದಿದ್ದನೋ ಏನೋ!

ಬ್ಯಾಂಕಿನಿಂದ ಮರಳಿದ ಸಂಜೆ ಮುದುಕಿ ಹಣದ ಮಾತನ್ನೇ ಎತ್ತಲಿಲ್ಲ. ಕುಟುಂಬ ಪಿಂಚಣಿಯೆಂದರೆ ಸಾಮಾನ್ಯವಾಗಿ ಕೊನೆಯ ಸಂಬಳದ ನೂರಕ್ಕೆ ಮೂವತ್ತು ಪಾಲು. ೨೦೧೬ರ ಲೆಕ್ಕದಿಂದ ತಿಂಗಳಿಗೆ ೯,೦೦೦ ರೂಪಾಯಿಗೆ ಕಡಿಮೆಯಿಲ್ಲ, ಅದರ ಮೇಲೆ ತುಟ್ಟಿಪರಿಹಾರ. ಎರಡು ಹಸುಗಳ ಹಾಲನ್ನು ಡೇರಿಗೆ ಹಾಕಿ ಬದುಕುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಆದರೂ ಆಕೆಯನ್ನು ಕೊರೆದದ್ದು ಬೇರೆ ಸಂಗತಿ. ಮಗ್ಗುಲ ಮನೆಯ ಪೋಸ್ಟ್ ಮೇಷ್ಟರು ವಿಚಾರಿಸಲು ಬಂದಾಗ ಬಾಯಿಬಿಟ್ಟು ಕೇಳಿದಳು:

“ಅವರು ದೇಶದ ಯಾವ ಮೂಲೆಗೆ ಹೋದರೂ ಒಂದು ದಿನ ಒಂದು ಮಾತು ತಪ್ಪಿದವರಲ್ಲ. ನನ್ನ ಹೆಸರೇ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲವಾ ಮೇಷ್ಟ್ರೇ?”

ಪಿ.ಪಿ.ಒ. ಇಂಗ್ಲಿಷಿನಲ್ಲಿತ್ತು, ನಾಲ್ಕನೆಯ ತರಗತಿಯವರೆಗೆ ಕನ್ನಡ ಕಲಿತ ಆಕೆಗೆ ಓದಲು ಬಾರದು. ಆದರೆ ಹವಾಲ್ದಾರರಿಗೆ ಬರುತ್ತಿತ್ತು. ಮೂವತ್ತೊಂದು ವರ್ಷ ಅದು ಅವರ ಕಬ್ಬಿಣದ ಪೆಟ್ಟಿಗೆಯಲ್ಲಿಯೇ ಇತ್ತು. ಅವರು ನೋಡಿರಲಿಲ್ಲವೇ? ನೋಡಿ ಸುಮ್ಮನಿದ್ದರೇ? ಇದ್ದಿರಬಹುದು. ಮೇಲಿನಿಂದ ಬಂದ ಕಾಗದವನ್ನು ತಿದ್ದಿಕೊಡಿರೆಂದು ಕೇಳುವುದು ಆ ಪೀಳಿಗೆಯ ಸಿಪಾಯಿಯ ಜಾಯಮಾನವಲ್ಲ. ಸಮವಸ್ತ್ರದ ಗುಂಡಿ ಸಡಿಲವಾದರೆ ರಾತ್ರಿಯೆಲ್ಲ ಎದ್ದು ಹೊಲಿಯುವವನು, ಆಜ್ಞಾಪತ್ರದ ತಪ್ಪನ್ನು ಹವಾಮಾನದಂತೆ ಸಹಿಸಿಕೊಳ್ಳುತ್ತಾನೆ.

ಮೇಷ್ಟರು ತಕ್ಷಣ ಉತ್ತರ ಹೇಳಲಿಲ್ಲ. ಅವರು ಆ ಊರಿನ ಶಾಖಾ ಅಂಚೆ ಕಛೇರಿಯನ್ನು ೧೯೭೦ರಿಂದ ನಡೆಸಿದವರು. ಸ್ವಲ್ಪ ಹೊತ್ತು ಕುಳಿತಿದ್ದು, “ಮನಿಆರ್ಡರ್ ಚೂರುಗಳು ಇವೆಯೇನವ್ವ?” ಎಂದು ಕೇಳಿದರು.

ಇದ್ದವು. ಮನಿಆರ್ಡರೆಂಬುದು ೨೦೧೫ರಲ್ಲಿಯೇ ನಿಂತುಹೋದ್ದರಿಂದ ಇಂದಿನ ಕಿರಿಯರಿಗೆ ಅದರ ರೂಪ ತಿಳಿದಿರಲಾರದು. ಹಣ ಕಳಿಸುವವನು ತುಂಬಿದ ಪತ್ರದ ತುದಿಯಲ್ಲಿ ಒಂದು ಚೂರು ಇರುತ್ತಿತ್ತು. ನಾಲ್ಕು ಸಾಲು ಕ್ಷೇಮಸಮಾಚಾರ ಬರೆಯಲು ಅಲ್ಲಿ ಜಾಗ. ಹಣದೊಡನೆ ಆ ಚೂರನ್ನು ಹರಿದು ಮನೆಯವರಿಗೆ ಕೊಡುವುದು ಪದ್ಧತಿ. ಹವಾಲ್ದಾರರ ಹೆಂಡತಿ ಅವನ್ನೆಲ್ಲ ಒಂದು ತಂತಿಗೆ ಪೋಣಿಸಿ, ಪೆಟ್ಟಿಗೆಯ ತಳದಲ್ಲಿ ಮದುವೆಯ ಸೀರೆಯ ಕೆಳಗೆ ಇಟ್ಟಿದ್ದಳು. ‘೫೬ ಎ.ಪಿ.ಒ.’ ಎಂದಷ್ಟೇ ವಿಳಾಸ. ಗಂಡ ಯಾವ ಬೆಟ್ಟದ ಮೇಲೆ, ಯಾವ ಮರಳಿನಲ್ಲಿ ಇದ್ದಾನೆಂಬುದು ಹೆಂಡತಿಗೂ ತಿಳಿಯದಂತೆ ಮುಚ್ಚಿಡುವ ಸೈನ್ಯದ ವಿಳಾಸ. ಒಂದೊಂದು ಚೂರಿನ ಮೇಲೂ ದುಂಡಾದ ಕನ್ನಡ ಅಕ್ಷರಗಳಲ್ಲಿ ಆಕೆಯ ಹೆಸರು, ಕೊನೆಗೆ ‘ಅಮ್ಮನಿಗೆ ಆಶೀರ್ವಾದ’. ‘ಮಳೆ ಬಂತೆ, ಕೆಂದ ಹಸು ಕರು ಹಾಕಿತೆ, ಮಗುವಿಗೆ ಕೆಮ್ಮು ಗುಣವೆ.’ ಹದಿನಾರು ವರ್ಷಗಳ ಕರುಗಳೂ ಕೆಮ್ಮುಗಳೂ ಆ ತಂತಿಯಲ್ಲಿ ತೂಗುತ್ತಿದ್ದವು.

“ನೋಡವ್ವ. ಹೆಸರು ಅವನಿಗೆ ಗೊತ್ತಿತ್ತು. ಅವನು ಸರಿಯಾಗಿಯೇ ಹೇಳಿರುತ್ತಾನೆ. ನಕಲು ಮಾಡಿದವನು ತಪ್ಪಿದ್ದಾನೆ. ಮೊದಲು ಬರೆದದ್ದು ಎಲ್ಲಿಯೋ ಸರಿಯಾಗಿ ಕುಳಿತಿದೆ, ಅದನ್ನು ಹುಡುಕಿಸಬೇಕು.”

ನಲವತ್ತು ವರ್ಷ ತಪ್ಪು ವಿಳಾಸದ ಕಾಗದಗಳನ್ನು ಸರಿಯಾದ ಮನೆಗೆ ಮುಟ್ಟಿಸಿದವರ ಮಾತು ಇದು. ಮಾಜಿ ಸೈನಿಕರ ದಾಖಲೆಯ ತಪ್ಪುಗಳನ್ನು ಬಲ್ಲವರು ಇದನ್ನು ಒಪ್ಪುತ್ತಾರೆ. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ನಕಲಿನಲ್ಲಿ. ನಿವೃತ್ತಿಯ ಮೊದಲು ಷೀಟ್ ರೋಲಿನಿಂದ ಹೆಸರುಗಳನ್ನು ಪಿಂಚಣಿಯ ನಮೂನೆಗೆ ಇಳಿಸುತ್ತಾರೆ. ಆ ನಮೂನೆ ಅಲಹಾಬಾದಿನ, ಈಗಿನ ಪ್ರಯಾಗರಾಜದ, ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಛೇರಿಗೆ ಹೋಗುತ್ತದೆ. ಅಲ್ಲಿ ಪಿ.ಪಿ.ಒ. ಸಿದ್ಧವಾಗುತ್ತದೆ. ಪ್ರಯಾಗದವರು ತಮಗೆ ಬಂದದ್ದನ್ನು ಬರೆಯುತ್ತಾರೆ. ಬ್ಯಾಂಕಿನವರು ಪ್ರಯಾಗದವರು ಬರೆದದ್ದನ್ನು ನಂಬುತ್ತಾರೆ. ಆದುದರಿಂದ ಬ್ಯಾಂಕಿನ ಕಿಟಕಿಯ ಮುಂದೆ ಜಗಳವಾಡಿ ಫಲವಿಲ್ಲ, ಪ್ರಯಾಗಕ್ಕೆ ಬರೆದೂ ಫಲವಿಲ್ಲ. ಹೊಳೆಯ ಕೆಸರನ್ನು ತಿಳಿಯಾಗಿಸಲು ಮೂಲಕ್ಕೇ ಹೋಗಬೇಕು. ದಾಖಲೆ ಕಛೇರಿ ಒಪ್ಪಿ ಬರೆದರೆ ಮಾತ್ರ ಪ್ರಯಾಗದಿಂದ ‘ಕಾರಿಜೆಂಡಮ್’ ಎಂಬ ತಿದ್ದುಪಡಿಯ ಪಿ.ಪಿ.ಒ. ಹೊರಡುತ್ತದೆ.

ಮೂಲಕ್ಕೆ ಹೋಗುವ ದಾರಿ ಜಿಲ್ಲೆಯ ಸೈನಿಕ ಕಲ್ಯಾಣ ಕಛೇರಿಯ ಮೂಲಕ. ಅಲ್ಲಿದ್ದವರೊಬ್ಬರು ತಾವೂ ಸುಬೇದಾರರಾಗಿದ್ದವರು. ಮುದುಕಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಪಟ್ಟಿ ಕೊಟ್ಟರು. ಮ್ಯಾಜಿಸ್ಟ್ರೇಟರ ಎದುರು ಪ್ರಮಾಣಪತ್ರ, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಮರಣಪತ್ರ, ಆಧಾರಿನ ನಕಲು, ಊರಿನ ಅಧಿಕಾರಿಗಳ ದೃಢೀಕರಣ, ದಂಪತಿಗಳು ಕೂಡಿ ತೆಗೆಸಿಕೊಂಡ ಭಾವಚಿತ್ರ. ‘ಅಮ್ಮನೂ ದೇವಿಯೂ ಒಬ್ಬಳೇ’ ಎಂದು ಆಕೆ ಪತ್ರಿಕೆಯಲ್ಲಿ ಜಗತ್ತಿಗೆಲ್ಲ ಸಾರಬೇಕಾಯಿತು. ಪ್ರಕಟಣೆಯನ್ನು ಓದಿದ ಊರ ಹುಡುಗರು ಕೆಲವು ದಿನ ‘ದೇವಮ್ಮಾ’ ಎಂದು ಕೂಗಿ ಓಡಿದರು. ಪಟ್ಟಿಯಲ್ಲಿಲ್ಲದ ಒಂದನ್ನು ಮೇಷ್ಟರು ತಾವಾಗಿ ಸೇರಿಸಿದರು: ೧೯೭೨ರ ಒಂದು ಮನಿಆರ್ಡರ್ ಚೂರಿನ ನಕಲು. ಸುಬೇದಾರರು ಅದನ್ನು ಎರಡು ಸಲ ಓದಿ, “ಇದು ದಾಖಲೆಯಲ್ಲ, ಆದರೂ ಇರಲಿ” ಎಂದರು.

ತಪ್ಪು ಅಕ್ಷರದ ಮುಂದೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲವೆಂಬುದಕ್ಕೆ ಮೇಷ್ಟರ ಬಳಿ ಒಂದು ದೃಷ್ಟಾಂತವಿತ್ತು. ಬಸ್ಸಿನಲ್ಲಿ ಮರಳುವಾಗ ಮುದುಕಿಗೆ ಹೇಳಿದರು. ಪತ್ರಿಕೆ ಓದುವವರಿಗೆಲ್ಲ ನೆನಪಿರುವ ಕಥೆ ಅದು. ೨೦೧೦ರಿಂದ ೨೦೧೨ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗ್ ಅವರ ಜನ್ಮದಿನ ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದ ಪ್ರಕಾರ ೧೯೫೧ರ ಮೇ ೧೦. ಹುಡುಗನಾಗಿದ್ದಾಗ ಸೈನಿಕ ಅಕಾಡೆಮಿಯ ಪರೀಕ್ಷೆಗೆ ತುಂಬಿದ ಅರ್ಜಿಯಲ್ಲಿ ೧೯೫೦ ಎಂದಿತ್ತು. ಸೇನೆಯ ಕೇಂದ್ರ ಕಛೇರಿಯಲ್ಲಿಯೇ ಅಡ್ಜುಟೆಂಟ್ ಜನರಲರ ಶಾಖೆ ಒಂದು ವರ್ಷವನ್ನೂ, ಮಿಲಿಟರಿ ಸೆಕ್ರೆಟರಿಯ ಶಾಖೆ ಮತ್ತೊಂದನ್ನೂ ದಶಕಗಳ ಕಾಲ ಜೋಪಾನ ಮಾಡಿಕೊಂಡು ಬಂದವು. ಒಂದೇ ಮನುಷ್ಯ, ಒಂದೇ ಸೇನೆ, ಎರಡು ಹುಟ್ಟು! ೨೦೧೨ರ ಜನವರಿಯಲ್ಲಿ ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು; ಅಧಿಕಾರದಲ್ಲಿರುವ ಸೇನಾ ಮುಖ್ಯಸ್ಥರೊಬ್ಬರು ಸರಕಾರದ ಮೇಲೆ ದಾವೆ ಹೂಡಿದ್ದು ಅದೇ ಮೊದಲು. ೧೯೫೦ನ್ನು ಒಪ್ಪಿ ಹಿಂದೆ ತಾವೇ ಬರೆದುಕೊಟ್ಟಿದ್ದ ಪತ್ರಗಳು ಅವರಿಗೆ ಎದುರಾಗಿ ನಿಂತವು. ಫೆಬ್ರವರಿ ೧೦ರಂದು ಅರ್ಜಿಯನ್ನು ಹಿಂದಕ್ಕೆ ಪಡೆದರು. ಮೇ ೩೧ರಂದು ನಿವೃತ್ತರಾದರು.

“ಅಷ್ಟು ದೊಡ್ಡವರಿಗೇ ಆಗಲಿಲ್ಲವಾ?” ಎಂದಳು ಮುದುಕಿ. ಅವಳ ಧೈರ್ಯ ಹೆಚ್ಚಿತೋ ಕುಂದಿತೋ ಹೇಳುವುದು ಕಷ್ಟ. ಮೇಷ್ಟರಿಗೆ ದೃಷ್ಟಾಂತ ಹೇಳಿದ್ದು ತಪ್ಪಾಯಿತೇನೋ ಎನಿಸಿ, ಹೊಳೆನರಸೀಪುರ ಬರುವವರೆಗೆ ಕಿಟಕಿಯ ಹೊರಗೆ ನೋಡುತ್ತ ಕುಳಿತರು.

ಹೆಸರು, ತಾರೀಖುಗಳ ತಪ್ಪಾದರೂ ಕಣ್ಣಿಗೆ ಕಾಣುತ್ತದೆ. ಕಾಣದ ತಪ್ಪುಗಳೂ ಉಂಟು. ರೋಗಿಯಾಗಿ ಹೊರಬಿದ್ದ ಸಿಪಾಯಿಯ ವೈದ್ಯಕೀಯ ಮಂಡಳಿಯ ವರದಿಯಲ್ಲಿ ‘ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಉಲ್ಬಣಿಸಿದ್ದೂ ಅಲ್ಲ’ ಎಂದು ಒಂದು ಸಾಲು ಬಿದ್ದರೆ ಅಂಗವೈಕಲ್ಯದ ಪಿಂಚಣಿ ಇಲ್ಲ. ೧೯೮೫ರಲ್ಲಿ ಆರೋಗ್ಯವಂತನೆಂದು ಪರೀಕ್ಷಿಸಿ ಸೇರಿಸಿಕೊಂಡು, ೧೯೯೪ರಲ್ಲಿ ಮೂರ್ಛೆರೋಗಿಯೆಂದು ಕಳುಹಿಸಿದ ಒಬ್ಬ ಸೈನಿಕನಿಗೆ ಹೀಗೆಯೇ ಆಯಿತು. ಸೇರುವಾಗ ಯಾವ ರೋಗವನ್ನೂ ಗುರುತಿಸದೆ ಇದ್ದಮೇಲೆ, ಅನಂತರ ಬಂದದ್ದು ಸೇವೆಯಿಂದಲೇ ಬಂದಿತೆಂದು ಭಾವಿಸಬೇಕು. ಅಲ್ಲವೆನ್ನುವುದಾದರೆ ಕಾರಣ ತೋರಿಸುವ ಹೊಣೆ ಸಿಪಾಯಿಯದಲ್ಲ, ಸರಕಾರದ್ದು ಎಂದು ಸರ್ವೋಚ್ಚ ನ್ಯಾಯಾಲಯ ೨೦೧೩ರ ಜುಲೈಯಲ್ಲಿ ತೀರ್ಪಿತ್ತಿತು. ಒಂದು ಸಾಲು ಅಳಿಸಿಹೋಗಲು ಹತ್ತೊಂಬತ್ತು ವರ್ಷ ಹಿಡಿಯಿತು. ಬರೆದವನಿಗೆ ಎಷ್ಟು ಹೊತ್ತು ಹಿಡಿದಿದ್ದೀತು?

ಮುದುಕಿಯ ಅರ್ಜಿ ಹೋದದ್ದು ೨೦೨೦ರ ಫೆಬ್ರವರಿಯಲ್ಲಿ. ಮಾರ್ಚಿಯಲ್ಲಿ ದೇಶವೇ ಬಾಗಿಲು ಹಾಕಿಕೊಂಡಿತು. ರೋಗದ ಭಯದಲ್ಲಿ ಮಗ ದುಡಿಯುತ್ತಿದ್ದ ಬೆಂಗಳೂರಿನ ಕಾರ್ಖಾನೆ ಮುಚ್ಚಿ, ಅವನೂ ಹೆಂಡತಿ ಮಕ್ಕಳೊಡನೆ ಊರಿಗೆ ಬಂದ. ಎರಡು ಹಸುಗಳಲ್ಲಿ ಒಂದು ಮಾರಾಟವಾಯಿತು. ದಾಖಲೆ ಕಛೇರಿಯಿಂದ ಆ ವರ್ಷವೆಲ್ಲ ಬಂದದ್ದು ಒಂದೇ ಕಾಗದ: ‘ನಿಮ್ಮ ಪತ್ರ ಪರಿಶೀಲನೆಯಲ್ಲಿದೆ.’ ಮೇಷ್ಟರು ತಿಂಗಳಿಗೊಂದು ನೆನಪೋಲೆ ಬರೆದರು. ಪ್ರತಿ ಪತ್ರದ ನೆತ್ತಿಯ ಮೇಲೆ ಹವಾಲ್ದಾರರ ಸೈನಿಕ ಸಂಖ್ಯೆ, ಹುದ್ದೆ, ಹೆಸರು, ಹಿಂದಿನ ಪತ್ರದ ತಾರೀಖು. ಪ್ರತಿಯೊಂದೂ ರಿಜಿಸ್ಟರ್ಡ್ ಅಂಚೆ, ಪ್ರತಿಯೊಂದರ ರಸೀತಿಯೂ ಅದೇ ಹಳೆಯ ತಂತಿಗೆ. ಕೋಪದ ಮಾತು ಒಂದೂ ಇಲ್ಲ. “ಕೋಪದ ಕಾಗದವನ್ನು ಗುಮಾಸ್ತ ಅಡಿಗೆ ಹಾಕುತ್ತಾನೆ” ಎಂಬುದು ಅವರ ನಂಬಿಕೆ. ತಾವೂ ಹಾಗೆ ಮಾಡಿದ್ದರೋ ಏನೋ.

ಉತ್ತರ ಬಂದದ್ದು ೨೦೨೧ರ ಮಳೆಗಾಲದಲ್ಲಿ. ಮೇಷ್ಟರು ಜಗಲಿಯಲ್ಲಿ ಕುಳಿತು, ಕನ್ನಡಕ ಒರೆಸಿಕೊಂಡು, ಇಂಗ್ಲಿಷನ್ನು ಒಂದೊಂದೇ ವಾಕ್ಯವಾಗಿ ಕನ್ನಡಕ್ಕಿಳಿಸಿದರು. ಮೃತ ಹವಾಲ್ದಾರರ ಮೂಲ ಷೀಟ್ ರೋಲನ್ನು ತೆಗೆಸಿ ನೋಡಲಾಯಿತು. ೧೯೭೨ರಲ್ಲಿ ಮದುವೆಯ ಬಗ್ಗೆ ಪ್ರಕಟವಾದ ಆಜ್ಞೆಯಲ್ಲಿಯೂ, ೧೯೭೪ರಲ್ಲಿ ಮಗ ಹುಟ್ಟಿದಾಗ ಪ್ರಕಟವಾದ ಆಜ್ಞೆಯಲ್ಲಿಯೂ, ನಂಟರ ಪಟ್ಟಿಯಲ್ಲಿಯೂ ಹೆಂಡತಿಯ ಹೆಸರು ಅರ್ಜಿದಾರಳು ಹೇಳಿದಂತೆಯೇ ಇದೆ. ಪಿಂಚಣಿ ನಮೂನೆಯಲ್ಲಿ ಬರೆಯುವಾಗ ವ್ಯತ್ಯಾಸವಾಗಿದೆ. ತಿದ್ದುಪಡಿಗಾಗಿ ಪ್ರಯಾಗರಾಜಕ್ಕೆ ಬರೆಯಲಾಗಿದೆ.

“ಅಂದರೆ?” ಎಂದಳು ಮುದುಕಿ.

“ಅಂದರೆ, ಅವನು ಮೂರು ಸಲ ಹೇಳಿದ್ದಾನೆ. ಮೂರು ಸಲವೂ ಸರಿಯಾಗಿ ಹೇಳಿದ್ದಾನೆ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು. ಕಾಫಿ ತರುತ್ತಾಳೆಂದು ಮೇಷ್ಟರು ಕಾದರು. ಬಹಳ ಹೊತ್ತು ಬರಲಿಲ್ಲ. ಹಣ ಯಾವಾಗ ಬರುತ್ತದೆಂದು ಕೇಳಿದವನು ಮಗನೇ.

ಹಣ ಬಂತು, ಅದಕ್ಕೂ ನಾಲ್ಕು ತಿಂಗಳು ತಡವಾಗಿ. ಹವಾಲ್ದಾರರು ತೀರಿಕೊಂಡ ಮರುದಿನದಿಂದ ಲೆಕ್ಕ ಹಾಕಿ ಬಾಕಿಯೆಲ್ಲ ಸೇರಿ ಬಂದದ್ದರಿಂದ ಮೊದಲು ಒಂದು ಹಸುವನ್ನು ಕೊಂಡರು. ಮೇಷ್ಟರು ಅಂಚೆಯ ಖರ್ಚನ್ನು ಮಾತ್ರ, ತಂತಿಯಲ್ಲಿದ್ದ ರಸೀತಿಗಳನ್ನು ಎಣಿಸಿ ತೋರಿಸಿ, ತೆಗೆದುಕೊಂಡರು.

ಆದರೆ ದಾಖಲೆಯ ಕಥೆ ಅಷ್ಟಕ್ಕೆ ಮುಗಿಯುವುದಲ್ಲ. ೨೦೨೧ರಿಂದ ರಕ್ಷಣಾ ಇಲಾಖೆಯ ಪಿಂಚಣಿಗಳೆಲ್ಲ ‘ಸ್ಪರ್ಶ್’ ಎಂಬ ಗಣಕಯಂತ್ರದ ವ್ಯವಸ್ಥೆಗೆ ವರ್ಗವಾಗತೊಡಗಿದವು. ಲಕ್ಷಗಟ್ಟಲೆ ಹಳೆಯ ಪಿ.ಪಿ.ಒ.ಗಳು ಯಂತ್ರದೊಳಗೆ ಹೋದವು. ಯಂತ್ರ ಗುಮಾಸ್ತನಿಗಿಂತ ಪ್ರಾಮಾಣಿಕ. ಸರಿಯನ್ನು ಸರಿಯಾಗಿಯೂ ತಪ್ಪನ್ನು ತಪ್ಪಾಗಿಯೂ ಒಂದಿಷ್ಟೂ ಬದಲಿಸದೆ ಇಟ್ಟುಕೊಳ್ಳುತ್ತದೆ. ಅಲ್ಲಿಯವರೆಗೆ ಬ್ಯಾಂಕಿನ ಮುಖಪರಿಚಯದಿಂದ ನಡೆದುಹೋಗುತ್ತಿದ್ದ ಎಷ್ಟೋ ಅಕ್ಷರವ್ಯತ್ಯಾಸಗಳು ಬೆಳಕಿಗೆ ಬಂದು, ಎಷ್ಟೋ ಮುದುಕರು ಮತ್ತೆ ಪ್ರಮಾಣಪತ್ರ ಬರೆಸಲು ಹೊರಟರು. ಪೋಸ್ಟ್ ಮೇಷ್ಟರ ಜಗಲಿಗೆ ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರು ಬರತೊಡಗಿದ್ದು ಆಗಲೇ. ಎಲ್ಲರಿಗೂ ಅವರು ಹೇಳುವುದು ಒಂದೇ: ಬದುಕಿರುವಾಗಲೇ ಪಿ.ಪಿ.ಒ.ವನ್ನು ಹೊರತೆಗೆದು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಆಧಾರಿನೊಡನೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ನೀವು ಬರೆದರೆ ಒಂದು ಅರ್ಜಿ; ಅವಳು ಬರೆದರೆ ಎರಡು ವರ್ಷ.

೨೦೨೨ರ ನವೆಂಬರಿನಲ್ಲಿ, ಬದುಕಿದ್ದೇನೆಂಬ ವರ್ಷಾವಧಿಯ ಪ್ರಮಾಣಪತ್ರಕ್ಕಾಗಿ ಮುದುಕಿ ಪಟ್ಟಣದ ಸೇವಾಕೇಂದ್ರಕ್ಕೆ ಹೋದಳು. ಯಂತ್ರದ ಮುಂದೆ ಕುಳಿತ ಹುಡುಗಿ ಹೆಸರು ಕೇಳಿದಳು. ಮುದುಕಿ ಹೆಸರು ಹೇಳಿ, “ಕೊನೆಗೆ ಅಮ್ಮ ಅಂತ ಬರೀ ಮಗಳೇ. ದೇವಿ ಅಲ್ಲ” ಎಂದಳು. ಹುಡುಗಿ ನಕ್ಕು, ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದಳು. ಇಂಗ್ಲಿಷು. “ಕನ್ನಡದಲ್ಲಿ ಒಂದು ಚೀಟಿ ಮೇಲೆ ಬರೆದುಕೊಡು” ಎಂದು ಮುದುಕಿ ಕೇಳಿದಳು. ಹಿಂದೆ ಸಾಲು ನಿಂತವರು ಗೊಣಗಿದರು. ಹುಡುಗಿ ಬರೆದುಕೊಟ್ಟಳು. ಆಕೆ ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿ ಕೊನೆಯವರೆಗೆ ಓದಿ, ಆಮೇಲೆ ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು.